ಅಳುವಿನ ಮಾತೂ ಮಾತೇ

ಬಸಲಿಂಗವ್ವನಿಗೆ ಅರವತ್ತು ದಾಟಿದ ಮೇಲೆ ಒಂದು ಹುಚ್ಚು ಹಿಡಿಯಿತು. ಕೂಸು ಎತ್ತಿಕೊಳ್ಳುವ ಹುಚ್ಚು.

ಹರೆಯದಿಂದಲೂ ಬೆಟಗೇರಿಯ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿದವಳು ಅವಳು. ಅಲ್ಲಿಗೆ ರೊಟ್ಟಿ ಬಡಿಯುವ ಯಂತ್ರ ಬಂದಾಗ ಮಾಲೀಕ ಒಂದು ಸೀರೆ ಕೊಟ್ಟು, ಕೊರಳಿಗೆ ಹಾರ ಹಾಕಿ, ಇನ್ನು ಆರಾಮ ಇರು ಎಂದು ಮನೆಗೆ ಕಳಿಸಿದ. ಆರಾಮ ಇರುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಗಂಡ ತೀರಿಕೊಂಡಿದ್ದ. ಇದ್ದೊಬ್ಬ ಮಗಳು ದಾಕ್ಷಾಯಣಿ, ಮದುವೆಯ ಮಾತೆತ್ತಿದರೆ ಎದ್ದು ಒಳಗೆ ಹೋಗುವವಳು. ಮೊಮ್ಮಕ್ಕಳ ಆಸೆಗೆ ಅಲ್ಲಿಗೇ ತಣ್ಣೀರು ಬಿದ್ದಿತ್ತು.

ಹೀಗಿರುವಾಗ ಎದುರುಮನೆಯ ಕಲ್ಲವ್ವನ ಮೊಮ್ಮಗಳು ಹೆತ್ತಳು. ದೊಡ್ಡಾಸ್ಪತ್ರೆಗೆ ಬಾಣಂತಿಯ ಬುತ್ತಿ ಒಯ್ದ ಬಸಲಿಂಗವ್ವ ದಾರಿ ತಪ್ಪಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡಿಗೆ ನುಗ್ಗಿದಳು. ಆ ಸಂಜೆ ಮನೆಗೆ ಬಂದವಳ ಮುಖವೇ ಬೇರೆಯಾಗಿತ್ತು. ದಾಕ್ಷಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅವ್ವ ಶುರು ಮಾಡಿದಳು.

"ಮೂಲ್ಯಾಗಿನ ತೊಟ್ಟಲದಾಗ ಒಂದ ಕೂಸ ಐತಿ ದಾಕ್ಷಿ. ಹಡದಾಕಿ ಸತ್ತಾಳಂತ. ಅವರಪ್ಪ ಈ ಕಡೆ ಮಾರಿನ ಹಾಕಿಲ್ಲಂತ. ಅಂಗೈಯಷ್ಟ ಐತಿ ನೋಡು. ಎಲ್ಲಾಕ್ಕೂ ಮಶೀನ ಅದಾವು, ಬಿಸಿ ಮಾಡಾಕ ಮಶೀನ, ಹಾಲ ಕುಡಸಾಕ ಮಶೀನ. ಆದ್ರೂ ಕೂಸ ಏಳವೊಲ್ದು."

"ಮತ್ತ?"

"ಸಿಸ್ಟರ್ ಆ ಕಡೆ ಈ ಕಡೆ ನೋಡಿ ನನ್ನ ಎದಿಮ್ಯಾಲೆ ಮಲಗಿಸಿದ್ರು. ಒಂದೀಟ ಹೊತ್ತು. ಸುಮ್ಮನ ಉಸರ ಬಿಟ್ಟು ಮಲಕ್ಕೊಂತವಾ ಅದು!" ಎಂದು ಹೇಳುವಾಗ ಬಸಲಿಂಗವ್ವನ ಕೈ ತಾನಾಗಿಯೇ ಎದೆಯ ಮೇಲೆ ಹೋಗಿ, ಇಲ್ಲದ ಕೂಸಿನ ಬೆನ್ನು ತಟ್ಟುತ್ತಿತ್ತು.

ಅವಳು ಹೇಳಿದ್ದು ಸುಳ್ಳಲ್ಲ. ಆ ಕಾಲಕ್ಕೆ ಆಸ್ಪತ್ರೆಗಳಲ್ಲಿ ಮನುಷ್ಯರು ಮಾಡುವ ಕೆಲಸವೆಲ್ಲ ಯಂತ್ರಗಳ ಪಾಲಾಗಿತ್ತು. ಆದರೆ ಎಳೆಗೂಸಿನ ಎದೆಬಡಿತ ಹದಕ್ಕೆ ಬರಬೇಕಾದರೆ ಇನ್ನೊಂದು ಎದೆಬಡಿತ ಅದರ ಕಿವಿಗೆ ಬೀಳಬೇಕು, ಇನ್ನೊಬ್ಬರ ಮೈಬಿಸಿ ತಾಗಬೇಕು. ಧ್ವನಿಮುದ್ರಿಸಿದ ಬಡಿತ ಕೇಳಿಸಿ ನೋಡಿದರು, ಬಿಸಿ ದಿಂಬು ಇಟ್ಟು ನೋಡಿದರು. ಕೂಸುಗಳು ಮೋಸ ಹೋಗಲಿಲ್ಲ. ಹಾಗಾಗಿ ತಾಯಿಯಿಲ್ಲದ ಕೂಸುಗಳನ್ನು ಎದೆಗೊರಗಿಸಿಕೊಂಡು ಕೂರಲು ಊರಿನವರನ್ನೇ ಕರೆದರು. ಅದಕ್ಕೆ ಮಡಿಲು ಸೇವೆ ಎಂದು ಹೆಸರು. ಸಂಬಳವಿಲ್ಲ, ಬಸ್ಸಿನ ಖರ್ಚೂ ಇಲ್ಲ. ಬೇಕಾದದ್ದು ಒಂದು ನಡತೆ ಚೀಟಿ ಮಾತ್ರ.

"ನಿಮ್ಮ ಆಫೀಸಿನಾಗ ಕೊಡ್ತಾರಂತಲ್ಲ ಅದನ್ನ? ಅರ್ಜಿ ಹಾಕೇ ಬಂದೇನಿ," ಎಂದಳು ಬಸಲಿಂಗವ್ವ.

ದಾಕ್ಷಿ ನಕ್ಕಳು. "ನಿನಗ ಕೊಡಲಾರದ ಇನ್ನ ಯಾರಿಗೆ ಕೊಡ್ತಾರ ಬಿಡವ್ವಾ," ಎಂದಳು. ಆ ನಗುವನ್ನು ಆಮೇಲೆ ಎಷ್ಟು ಸಲ ನೆನೆದು ಹಲ್ಲು ಕಚ್ಚಿದಳೋ ಅವಳಿಗೇ ಗೊತ್ತು.

ದಾಕ್ಷಿ ಕೆಲಸ ಮಾಡುವ ನಡತೆ ಕೇಂದ್ರದ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹಿಂದೆಲ್ಲ ಸ್ವಯಂಸೇವಕರಾಗಲು ಬಂದವರ ಹೆಸರನ್ನು ಪೊಲೀಸರಿಗೆ ಕಳಿಸುತ್ತಿದ್ದರು. ಕೇಸಿಲ್ಲ ಎಂದು ಅವರು ಬರೆದುಕೊಟ್ಟರೆ ಮುಗಿಯಿತು. ಹೀಗೆ ಬರೆಸಿಕೊಂಡು ಬಂದ ಒಬ್ಬ ಮನುಷ್ಯ ಅನಾಥ ಮಕ್ಕಳಿಗೆ ಪಾಠ ಹೇಳುವ ನೆಪದಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದ. ನಾಡೇ ಹೊತ್ತಿ ಉರಿಯಿತು. ಪೊಲೀಸರ ದಾಖಲೆಯಲ್ಲಿ ಇರುವುದು ಸಿಕ್ಕಿಬಿದ್ದವರ ಹೆಸರು ಮಾತ್ರ, ಸಿಕ್ಕಿಬೀಳದವರನ್ನು ಹುಡುಕುವುದು ಹೇಗೆ ಎಂದು ಜನ ಕೇಳಿದರು. ಉತ್ತರ ಎಲ್ಲರ ಮನೆಯ ಗೋಡೆಯ ಮೇಲೇ ಇತ್ತು.

ಗೋಡೆಪೆಟ್ಟಿಗೆ ಆ ಹೊತ್ತಿಗೆ ಬಹಳ ಹಳೆಯ ಸಾಮಾನು. ಅಂಗೈಯಗಲದ ಬಿಳಿ ಡಬ್ಬಿ, ಹಸಿರು ದೀಪ. ಗ್ಯಾಸು ತರಿಸು ಎಂದರೆ ತರಿಸುತ್ತಿತ್ತು, ಮುದುಕರು ಬಿದ್ದ ಸದ್ದಾದರೆ, ಯಾರಿಗಾದರೂ ಉಸಿರು ಕಟ್ಟಿದರೆ ಆಂಬುಲೆನ್ಸ್ ಕರೆಯುತ್ತಿತ್ತು. ಕೇಳಿದ್ದನ್ನೆಲ್ಲ ಇಟ್ಟುಕೊಳ್ಳುತ್ತಿತ್ತು ಕೂಡ. ಮಾಡಬಾರದ್ದನ್ನು ಮಾಡಿದವನು ಎಂದಾದರೂ ಒಮ್ಮೆ ಬಾಯಿ ಬಿಟ್ಟೇ ಬಿಟ್ಟಿರುತ್ತಾನೆ. ಕುಡಿದಾಗ, ಜಗಳವಾಡುವಾಗ, ಕನ್ನಡಿ ಮುಂದೆ ನಿಂತಾಗ. ಅರ್ಜಿ ಹಾಕಿದವನ ಜೀವಮಾನದ ಮಾತನ್ನೆಲ್ಲ ಜಾಲಾಡಿ ಅಂಥ ಒಂದು ಮಾತನ್ನು ಹೆಕ್ಕುವ ಯಂತ್ರ ಕಟ್ಟಿದರು. ಸರಕಾರ ಅದಕ್ಕೊಂದು ಉದ್ದನೆಯ ಹೆಸರಿಟ್ಟಿತು. ಜನ ಕಿವಿ ಎಂದು ಕರೆದರು.

ಕಿವಿ ದಡ್ಡ ಯಂತ್ರವಲ್ಲ. ಮಾತಿನ ಜೊತೆಗೆ ಅದು ಗಂಟಲಿನ ನಡುಕವನ್ನೂ ಅಳೆಯುತ್ತಿತ್ತು. ಆಡುವವನು ತನ್ನ ಮಾತನ್ನು ತಾನೇ ಎಷ್ಟು ನಂಬಿದ್ದಾನೆ ಎಂಬುದು ಆ ನಡುಕದಲ್ಲಿ ಗೊತ್ತಾಗುತ್ತದೆ. ತಮಾಷೆಯಾದರೆ ನಂಬುಗೆ ಅಳೆಯುವ ಮುಳ್ಳು ಹಸಿರಿನಲ್ಲೇ ಇರುತ್ತದೆ, ನಿಜವಾದರೆ ಕೆಂಪಿಗೆ ಹೋಗುತ್ತದೆ. ಕೆಂಪು ಬಂದರೆ ಯಾರನ್ನೂ ಜೈಲಿಗೆ ಹಾಕುತ್ತಿರಲಿಲ್ಲ, ಅಷ್ಟು ಮರ್ಯಾದೆ ಕಾನೂನಿಗಿತ್ತು. ಶಾಲೆ, ಆಸ್ಪತ್ರೆ, ಅನಾಥಾಲಯದ ಬಾಗಿಲು ಮಾತ್ರ ಮುಚ್ಚುತ್ತಿತ್ತು.

ಆದರೆ ಕಿವಿಯನ್ನು ಕಟ್ಟಿದವರು ಈ ಸೀಮೆಯವರಲ್ಲ. ಮೊದಲು ಅದು ಬಂದಾಗ ಗದಗ, ಕೊಪ್ಪಳ, ಬಾಗಲಕೋಟೆಯ ಒಬ್ಬ ತಾಯಿಗೂ ಚೀಟಿ ಸಿಗಲಿಲ್ಲ. ಇಲ್ಲಿ ಮಗ ಹೊಸ ಚಪ್ಪಲಿ ಕಳೆದುಕೊಂಡು ಬಂದರೂ 'ಹುಗದ ಬಿಡ್ತೀನಿ ನೋಡ ನಿನ್ನ' ಎನ್ನುವುದು ಮುದ್ದಿನ ಲೆಕ್ಕ. ಈ ಭಾಷೆ ಬಲ್ಲವರು ಬೇಕೆಂದು ಹುಡುಕಿ ದಾಕ್ಷಿಯನ್ನು ಕೆಲಸಕ್ಕೆ ತೆಗೆದುಕೊಂಡರು. ಯಾವ ಬೈಗುಳ ಬರೀ ಬೈಗುಳ, ಯಾವುದು ಬೆದರಿಕೆ ಎಂದು ಅವಳು ಯಂತ್ರಕ್ಕೆ ಒಂದೊಂದಾಗಿ ಹೇಳಿಕೊಟ್ಟಳು. ಅವಳ ಕೈಯಲ್ಲಿ ಪಳಗಿದ ಕಿವಿಯಿಂದ ಸಾವಿರಾರು ಜನರಿಗೆ ಚೀಟಿ ಸಿಕ್ಕಿತ್ತು. ದಾಕ್ಷಿಗೆ ಅದರ ಬಗ್ಗೆ ಹೆಮ್ಮೆಯಿತ್ತು, ಇರಬಾರದೆಂದೇನೂ ಇಲ್ಲ.

ಅವ್ವನ ಅರ್ಜಿ ಅವಳ ಪರದೆಯ ಮೇಲೆ ಬರುವಂತಿರಲಿಲ್ಲ. ನೆಂಟರ ಅರ್ಜಿಯನ್ನು ಬೇರೆಯವರು ನೋಡಬೇಕು. ಮೇಲಧಿಕಾರಿ ಯಾವಗಲ್ ಅವರೇ ಅವಳನ್ನು ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ನೀರು ಕೊಟ್ಟರು. ನೀರು ಕೊಟ್ಟಾಗಲೇ ಸುದ್ದಿ ಒಳ್ಳೆಯದಲ್ಲವೆಂದು ಅವಳಿಗೆ ತಿಳಿಯಿತು.

"ದಾಕ್ಷಾಯಣಿಯವರ, ನಿಮ್ಮ ತಾಯಾರಿಗೆ ಕೆಂಪ ಬಂದೈತಿ," ಎಂದರು.

"ನಮ್ಮವ್ವಗ? ಮಶೀನ ಕೆಟ್ಟಿರಬೇಕ್ರಿ ಸರ."

"ಕೊಲೆ ಅಂತ ಬಂದೈತಿ. ಕೂಸಿನ ಕೊಲೆ." ಅವರು ಅವಳ ಮುಖ ನೋಡಲಿಲ್ಲ. "ಕೇಳ್ತೀರೇನು? ಬ್ಯಾಡಂದ್ರ ಬ್ಯಾಡ."

ಕೇಳಿದಳು. ಮೊದಲು ಬರೀ ಗದ್ದಲ. ಯಾರೋ ಬಾಗಿಲು ತೆಗೆದರು, ಯಾರೋ ಕುರ್ಚಿ ಎಳೆದರು. ಅಪ್ಪ ಕೆಮ್ಮಿದ. ಸತ್ತು ಎಷ್ಟೋ ವರ್ಷವಾದ ಅಪ್ಪನ ಕೆಮ್ಮು ಕೇಳಿ ದಾಕ್ಷಿ ಕುರ್ಚಿಯ ತುದಿಗೆ ಸರಿದಳು. ಆಮೇಲೆ ಅವ್ವನ ದನಿ, ಎಳೆಯ ದನಿ, ರಾಗವಾಗಿ ಏರುತ್ತ ಇಳಿಯುತ್ತ ಬಂತು.

"ಹಲ್ಲ ಬರ್ತಾವಂದ್ನೋ ನನ ಶಾಂತೂ, ಹಲ್ಲಿನ ಜ್ವರಾ ಅಂದ್ನೋ… ದವಾಖಾನಿ ದಾರಿ ಹಿಡೀಲಿಲ್ಲೋ ನನಪ್ಪಾ, ತೊಡಿಮ್ಯಾಲೆ ಹಾಕ್ಕೊಂಡ ಕುಂತ್ನೋ… ನಾನ ನಿನ್ನ ಕೊಂದ್ನೋ ಶಾಂತೂ, ಈ ಕೈಲೆ ಕೊಂದ್ನೋ…"

ಶಾಂತು ದಾಕ್ಷಿಯ ತಮ್ಮ. ಇನ್ನೂ ಒಂದೂವರೆ ವರ್ಷ ತುಂಬಿರಲಿಲ್ಲ. ಜ್ವರ ಬಂತು, ಒಸಡು ಊದಿತ್ತು, ಹಲ್ಲು ಬರುವಾಗ ಎಲ್ಲ ಮಕ್ಕಳಿಗೂ ಬರುವ ಜ್ವರವೆಂದು ಅವ್ವ ತಿಳಿದಳು. ಕೇರಿಯ ಹೆಂಗಸರೂ ಹಾಗೇ ಅಂದರು. ಅದು ಮೆದುಳಿಗೆ ಏರುವ ಜ್ವರವಾಗಿತ್ತು.

ಈ ಸೀಮೆಯಲ್ಲಿ ಸತ್ತವರ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹಾಡ್ಯಾಡಿ ಅಳುತ್ತಾರೆ. ಸತ್ತವರ ಹೆಸರು ಹಿಡಿದು ಕರೆದು, ಅವರ ಗುಣ ಹೇಳಿ, ಅವರು ಉಂಡದ್ದು ಉಟ್ಟದ್ದು ಹೇಳಿ, ಕೊನೆಗೆ ತಪ್ಪನ್ನೆಲ್ಲ ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಾರೆ. ನಾನೇ ಕೊಂದೆ ಎಂದು ಹೇಳದ ತಾಯಿಯಿಲ್ಲ, ಹೆಂಡತಿಯಿಲ್ಲ. ಒಬ್ಬಳು ಎತ್ತಿದ ಅಳುವನ್ನು ನಡುವೆ ಬೀಳಲು ಬಿಡುವಂತಿಲ್ಲ. ಅವಳಿಗೆ ಗಂಟಲು ಕಟ್ಟಿದರೆ ಪಕ್ಕದವಳು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಬಸಲಿಂಗವ್ವ ಅದರಲ್ಲಿ ಹೆಸರಾದವಳು. ಕೇರಿಯಲ್ಲಿ ಯಾರು ಸತ್ತರೂ ಮೊದಲ ಸೊಲ್ಲು ಎತ್ತಲು ಅವಳನ್ನೇ ಕರೆಯುತ್ತಿದ್ದರು.

"ಸರ, ಇದು ಹಾಡ್ಯಾಡಿ ಅತ್ತದ್ದರಿ. ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ," ಎಂದಳು ದಾಕ್ಷಿ.

"ನನಗ ಗೊತ್ತೈತ್ರಿ. ನಮ್ಮ ಅಜ್ಜಿನೂ ಹಂಗ ಅಳತಿದ್ಲು. ಆದ್ರ ಮುಳ್ಳ ನೋಡ್ರಿ."

ಮುಳ್ಳು ಕೆಂಪಿನ ತುದಿಗೆ ಹೋಗಿ ನಿಂತಿತ್ತು. ಆಡಿದವಳು ತನ್ನ ಮಾತನ್ನು ಪೂರ್ತಿ ನಂಬಿದ್ದಳು. ಯಂತ್ರ ಅಳೆದದ್ದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಅಳುವಿನ ಮಾತನ್ನ ಬಿಟ್ಟು ಬಿಡಂತ ಒಂದ ನಿಯಮ ಬರದ್ರ ಆತಲ್ರಿ. ನಾನ ಬರೀತೀನಿ."

ಯಾವಗಲ್ ಅವರು ಅವಳ ಬೆನ್ನ ಹಿಂದಿನ ಗೋಡೆಯನ್ನು ನೋಡಿದರು. ಅಲ್ಲಿ ಕೇಂದ್ರದ ನಿಯಮಗಳಿದ್ದವು, ಅವುಗಳಲ್ಲಿ ಕೊನೆಯದು ದಾಕ್ಷಿ ಈಚೆಗಷ್ಟೇ ತನ್ನ ಕೈಯಾರೆ ಬರೆದದ್ದು: ಅಳುವಿನ ಮಾತೂ ಮಾತೇ. ಹೆಂಡತಿಯನ್ನು ಬಾವಿಗೆ ನೂಕಿದವನೊಬ್ಬ ಹೆಣದ ಮುಂದೆ ಕೂತು, ನಾನೇ ನಿನ್ನ ಕೊಂದೆ ಎಂದು ಹಾಡ್ಯಾಡಿ ಅತ್ತಿದ್ದ. ಎಂಥ ಪ್ರೀತಿ ಎಂದು ಊರೆಲ್ಲ ಕಣ್ಣು ಒರೆಸಿಕೊಂಡಿತ್ತು. ಮುಂದೆ ಅವನು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಸೇವೆ ಮಾಡುತ್ತೇನೆಂದು ಅರ್ಜಿ ಹಾಕಿದಾಗ ದಾಕ್ಷಿ ಅವನ ಅಳುವನ್ನು ಕೇಳಿ ತಡೆದಳು, ಪೊಲೀಸರು ಬಾವಿ ಕೆದಕಿದರು, ಎಲ್ಲ ಹೊರಬಂತು. ಕೇಂದ್ರದಲ್ಲಿ ಅವಳಿಗೆ ಶಾಲು ಹೊದಿಸಿದ್ದರು.

"ಅವನ್ನ ಬಿಡೂನೇನು?" ಎಂದು ಯಾವಗಲ್ ಮೆಲ್ಲಗೆ ಕೇಳಿದರು. "ಅವನ ಅಳುವಿಗೂ ಇವರ ಅಳುವಿಗೂ ಏನ ಫರಕ ಅಂತ ಮಶೀನಿಗೆ ಹೇಳಿಕೊಡ್ರಿ. ಇವತ್ತ ನಿಯಮ ತಗಿತೀನಿ."

ದಾಕ್ಷಿ ವಾರಗಟ್ಟಲೆ ಅದಕ್ಕೇ ಕೂತಳು. ಎರಡೂ ದನಿಗಳನ್ನು ಬಿಡಿಸಿ, ಹಿಗ್ಗಿಸಿ, ಒಂದರ ಮೇಲೊಂದು ಇಟ್ಟು ನೋಡಿದಳು. ಕೊಂದವನ ನಡುಕ, ಕೊಲ್ಲದವಳ ನಡುಕ ಒಂದೇ ಆಗಿತ್ತು. ಫರಕು ಇದ್ದದ್ದು ನಡೆದ ಸಂಗತಿಯಲ್ಲಿ, ಗಂಟಲಲ್ಲಲ್ಲ. ನಡೆದ ಸಂಗತಿಯನ್ನು ಗೋಡೆಪೆಟ್ಟಿಗೆ ನೋಡಿರಲಿಲ್ಲ, ಅದಕ್ಕೆ ಕಣ್ಣಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಕೇರಿ ತುಂಬಿತ್ತು. ಬಸಲಿಂಗವ್ವ ತಾನೇ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳಿದ್ದಳು. ಹೆಂಗಸರು ಬಾಯಿಯ ಮೇಲೆ ಕೈಯಿಟ್ಟರು. ಅಯ್ಯೋ, ನಾನೂ ಹಂಗ ಅಂದೇನಿ, ನಮ್ಮತ್ತಿ ಸತ್ತಾಗ ಅಂದೇನಿ, ನಮ್ಮ ಮನೆಯವರು ಹೋದಾಗ ಅಂದೇನಿ ಎಂದು ಒಬ್ಬೊಬ್ಬರೇ ನೆನಪು ಮಾಡಿಕೊಂಡರು. ಅಂಗನವಾಡಿಗೆ ಹೋಗಿ ಮಕ್ಕಳಿಗೆ ಕಥೆ ಹೇಳುತ್ತಿದ್ದವಳ ಚೀಟಿ ನವೀಕರಣವಾಗಲಿಲ್ಲ. ಆಸ್ಪತ್ರೆಯ ಮಡಿಲು ಸೇವೆಗೂ ಒಬ್ಬೊಬ್ಬರೇ ತಪ್ಪಿದರು. ಯಾರನ್ನೂ ಕಳೆದುಕೊಳ್ಳದವರಿಗೆ ಮಾತ್ರ ಚೀಟಿ ಸಿಗುವ ಹಾಗಾಯಿತು. ಅಂಥವರೆಲ್ಲ ಹರೆಯದವರು, ಅವರಿಗೆ ಕೂಸು ಹಿಡಿದು ಕೂರಲು ಪುರಸೊತ್ತಿರಲಿಲ್ಲ.

ಅದೇ ದಿನಗಳಲ್ಲಿ ಕಲ್ಲವ್ವನ ಗಂಡ ತೀರಿಕೊಂಡ. ದಾಕ್ಷಿ ಅವ್ವನ ಜೊತೆ ಹೋದಳು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಸುತ್ತ ಹೆಂಗಸರಿದ್ದರು. ಆದರೆ ಮನೆಯಲ್ಲಿ ಸೊಲ್ಲಿರಲಿಲ್ಲ. ಎಲ್ಲರೂ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದರು. ಐವತ್ತು ವರ್ಷ ಬಾಳಿದ ಗಂಡನ ಕಾಲು ಹಿಡಿದು ಕೂತ ಕಲ್ಲವ್ವನ ಬಾಯಲ್ಲೂ ಸೆರಗು. ಅವಳ ಮೊಮ್ಮಗಳು ಶಾಲೆಯಲ್ಲಿ ಟೀಚರ್ ಆಗಲಿದ್ದಾಳೆ, ಮನೆಯಲ್ಲಿ ಕೆಂಪು ಬಂದರೆ ಅವಳ ಗತಿ ಏನೆಂದು ಯಾರೋ ಹೆದರಿಸಿದ್ದರಂತೆ. ಬಸಲಿಂಗವ್ವ ಬಂದದ್ದನ್ನು ಕಂಡು ಎಲ್ಲರೂ ಅವಳ ಕಡೆ ನೋಡಿದರು. ಅವಳು ಬಾಗಿಲಲ್ಲೇ ನಿಂತಳು. ಗೋಡೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಎಲ್ಲರಂತೆ ಅವಳೂ ಒಂದು ಮೂಲೆಯಲ್ಲಿ ಕೂತು, ಹೆಣ ಎತ್ತುವ ತನಕ ತುಟಿ ಬಿಚ್ಚಲಿಲ್ಲ.

ದಾಕ್ಷಿಗೆ ಅಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಹಿತ್ತಲಿನ ಗೋಡೆಗೆ ಹಣೆಯಿಟ್ಟು ನಿಂತಳು. ತನ್ನ ಜನ ಅಳುವುದನ್ನೇ ತಾನು ನಿಲ್ಲಿಸಿಬಿಟ್ಟೆನಲ್ಲ ಎಂದುಕೊಂಡಳು.

ಒಂದೇ ಒಂದು ದಾರಿ ಉಳಿದಿತ್ತು. ಅದನ್ನು ತೋರಿಸಿದವರೂ ಯಾವಗಲ್ ಅವರೇ. ಕೆಂಪು ಬಂದವರು ಕೇಂದ್ರಕ್ಕೆ ಬಂದು, ಕಿವಿಯ ಮುಂದೆ ಕೂತು, ತಮ್ಮ ಹಳೆಯ ಮಾತನ್ನು ತಾವೇ ಅಲ್ಲಗಳೆಯಬಹುದು. ನಾನು ಕೊಂದಿಲ್ಲ ಎಂದರೆ ಸಾಕು. ಆ ಮಾತಿನ ನಂಬುಗೆಯ ಮುಳ್ಳು ನಡುವಿನ ಹಳದಿಯನ್ನು ದಾಟಿದರೂ ಚೀಟಿ ಸಿಗುತ್ತದೆ. ಆದರೆ ಅವಕಾಶ ಒಮ್ಮೆ ಮಾತ್ರ.

"ಅಷ್ಟ ಅಂದ್ರ ಕೂಸ ಕೊಡ್ತಾರೇನು?" ಎಂದಳು ಬಸಲಿಂಗವ್ವ.

"ಕೊಡ್ತಾರವ್ವಾ."

"ಮೂಲಿ ಕೂಸ ಇನ್ನೂ ಐತೇನು?"

ಇತ್ತು. ದಾಕ್ಷಿ ಆಸ್ಪತ್ರೆಗೆ ಹೋಗಿ ಕಿಟಕಿಯಿಂದ ನೋಡಿ ಬಂದಿದ್ದಳು. ಅಂದು ಅವ್ವನ ಎದೆಯ ಮೇಲೆ ಕೂಸು ಮಲಗಿಸಿದ್ದ ಸಿಸ್ಟರ್ ಫಿಲೋಮಿನಾ, ಇವಳು ಬಸಲಿಂಗವ್ವನ ಮಗಳೆಂದು ತಿಳಿದು, "ಅಮ್ಮಾರನ್ನ ಲಗೂನ ಕಳಸ್ರಿ, ತೂಕ ಏರವೊಲ್ದು. ನಾವ ಎಷ್ಟ ಕೂಸಂತ ಹಿಡ್ಕೊಂಡ ಕುಂದ್ರೂದು," ಎಂದಿದ್ದರು.

ಅಂದಿನಿಂದ ಮನೆಯಲ್ಲಿ ಪಾಠ ಶುರುವಾಯಿತು. ಬಸಲಿಂಗವ್ವ ಹಿಟ್ಟು ನಾದುತ್ತ ಹೇಳುವಳು, ನಾ ಕೊಂದಿಲ್ಲ. ರೊಟ್ಟಿ ಬಡಿಯುವಾಗ ತಾಳಕ್ಕೆ ಸರಿಯಾಗಿ ಹೇಳುವಳು, ನಾ ಕೊಂದಿಲ್ಲ, ನಾ ಕೊಂದಿಲ್ಲ. ಮೊದಮೊದಲು ಶಾಲೆ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗಿತ್ತು. ದಾಕ್ಷಿ ಎದುರಿಗೆ ಕೂತು, ಜ್ವರ ಹೇಗಿತ್ತು, ಎಂಥ ಡಾಕ್ಟರಿಗೂ ಮೊದಲ ದಿನ ಅದು ತಿಳಿಯುತ್ತಿರಲಿಲ್ಲ, ನಿನ್ನದೇನೂ ತಪ್ಪಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಒಂದು ದಿನ ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ತಾನಾಗಿ, ಆಶ್ಚರ್ಯಪಟ್ಟವಳಂತೆ ಹೇಳಿದಳು.

"ಖರೇನ ನಾ ಕೊಂದಿಲ್ಲ ಅಲ್ಲ ದಾಕ್ಷಿ?"

"ಖರೇನ ಕೊಂದಿಲ್ಲವ್ವಾ."

"ಇಷ್ಟ ವರ್ಷ ಕೊಂದೇನಿ ಅಂತನ ತಿಳ್ಕೊಂಡಿದ್ನಿ." ಅವಳು ನಕ್ಕಳು. ಆ ಮುಖದಲ್ಲಿ ಅಂಥ ಹಗುರವನ್ನು ದಾಕ್ಷಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಂದು ತಾಯಿ ಮಗಳು ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿಕೊಂಡು ಹೊಟ್ಟೆ ತುಂಬ ಉಂಡರು.

ಅಲ್ಲಗಳೆಯುವ ದಿನ ಬಸಲಿಂಗವ್ವ ಇಳಕಲ್ ಸೀರೆ ಉಟ್ಟಳು. ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋಗುವುದೆಂದು ಚೀಲದಲ್ಲಿ ಒಂದು ಕುಲಾಯಿ ಇಟ್ಟುಕೊಂಡಿದ್ದಳು. ಹಳೆಯ ಸೀರೆ ಹರಿದು ಕೈಯಿಂದ ಹೊಲಿದದ್ದು, ಕಿತ್ತಳೆಹಣ್ಣಿನಷ್ಟು ತಲೆಗೆ ಸರಿಯಾಗುವಂಥದ್ದು.

ಮಗಳಾದ್ದರಿಂದ ದಾಕ್ಷಿ ಗಾಜಿನ ಆಚೆ, ಒಳಗಿನ ಮಾತು ಕೇಳಿಸುವ ಸ್ಪೀಕರಿನ ಹತ್ತಿರ ಕೂರಬೇಕಾಯಿತು. ಒಳಗೆ ಅವ್ವ, ಎದುರಿಗೆ ಯಾವಗಲ್ ಅವರು, ಗೋಡೆಯ ಮೇಲೆ ಮುಳ್ಳಿನ ಪರದೆ. ಹೆಸರು, ಊರು ಕೇಳಿದರು. ಮುಳ್ಳು ಹದವಾಗಿ ಏರಿಳಿಯಿತು. ಬಸಲಿಂಗವ್ವ ಗಾಜಿನ ಕಡೆ ತಿರುಗಿ ಮಗಳಿಗೊಂದು ನಗೆ ಕೊಟ್ಟಳು.

"ಈಗ ನಿಮ್ಮ ಹಳೇ ಮಾತ ಕೇಳಸ್ತೀನ್ರಿ ಅಮ್ಮಾರ. ಯಾವ ಮಾತು ಅಂತ ನಿಮಗ ತಿಳೀಬೇಕಲ್ಲ, ಅದಕ್ಕ. ಅದು ಮುಗದ ಮ್ಯಾಲೆ ನೀವು ಹೇಳೂದ ಹೇಳ್ರಿ," ಎಂದರು ಯಾವಗಲ್.

ದಾಕ್ಷಿ ಎದ್ದು ನಿಂತಳು. ಇದು ಅವಳಿಗೆ ಹೊಳೆದಿರಲಿಲ್ಲ. ಮಾತನ್ನು ಅಲ್ಲಗಳೆಯುವ ಮೊದಲು ಆ ಮಾತನ್ನು ಕೇಳಿಸಬೇಕೆಂಬ ಪದ್ಧತಿ ಅವಳಿಗೆ ಗೊತ್ತಿದ್ದದ್ದೇ. ಆದರೆ ಆ ಮಾತು ಹಾಡು ಎಂಬುದನ್ನು, ಕೇಳಿಸುವುದು ಬಿದ್ದ ಹಾಡನ್ನು ಎತ್ತಿಕೊಳ್ಳುವವಳಿಗೆ ಎಂಬುದನ್ನು ಇಷ್ಟು ದಿನ ಒಂದು ಕ್ಷಣವೂ ಯೋಚಿಸಿರಲಿಲ್ಲ. ಗಾಜನ್ನು ಬಡಿದಳು. ಗಾಜು ದಪ್ಪನೆಯದು, ಒಳಗೆ ಕೇಳಿಸಲಿಲ್ಲ.

ಬಾಗಿಲು ತೆಗೆದ ಸದ್ದು, ಕುರ್ಚಿ ಎಳೆದ ಸದ್ದು. ಗಂಡ ಕೆಮ್ಮಿದ್ದು ಕೇಳಿ ಬಸಲಿಂಗವ್ವ ಹಿಂತಿರುಗಿ ನೋಡಿದಳು. ಆಮೇಲೆ ಎಳೆಯ ಬಸಲಿಂಗವ್ವ ಹಾಡತೊಡಗಿದಳು. ಹಲ್ಲ ಬರ್ತಾವಂದ್ನೋ ನನ ಶಾಂತೂ. ಮುದುಕಿ ಬಸಲಿಂಗವ್ವ ಚೀಲವನ್ನು ಎದೆಗೆ ಒತ್ತಿಕೊಂಡು ಮೈಯನ್ನು ಹಿಂದೆ ಮುಂದೆ ತೂಗತೊಡಗಿದಳು. ಈ ಕೈಲೆ ಕೊಂದ್ನೋ ಎನ್ನುವಲ್ಲಿ ಎಳೆಯವಳಿಗೆ ಗಂಟಲು ಕಟ್ಟಿತು, ಹಾಡು ನಡುವೆ ತುಂಡಾಯಿತು, ಯಂತ್ರ ನಿಂತಿತು.

ಯಾವಗಲ್ ಅವರು ಈಗ ಹೇಳಿ ಎಂಬಂತೆ ಕೈಸನ್ನೆ ಮಾಡಿದರು. ಬಿದ್ದುಹೋದ ಅಳುವನ್ನು ಬಸಲಿಂಗವ್ವ ಜೀವಮಾನದಲ್ಲಿ ಒಮ್ಮೆಯೂ ಹಾಗೆ ಬಿಟ್ಟವಳಲ್ಲ. ಬಾಯಿ ತೆರೆದಳು, ಹಾಡು ನಿಂತಲ್ಲಿಂದಲೇ ಎತ್ತಿದಳು.

"ಈ ಕೈಲೆ ಕೊಂದ್ನೋ ನನಪ್ಪಾ, ಈ ತೊಡಿಮ್ಯಾಲೆ ಕೊಂದ್ನೋ… ಮುದಿಕ್ಯಾದ್ನೋ ಶಾಂತೂ, ಕೊಂದಿಲ್ಲಂತ ಕಲಿಸ್ಯಾರೋ, ನಿನ್ನ ಮುಂದ ಹೆಂಗ ಹೇಳಲೋ… ನಾನ ನಿನ್ನ ಕೊಂದ್ನೋ…"

ಮುಳ್ಳು ಕೆಂಪಿನ ತುದಿಯನ್ನೂ ದಾಟಿ ಹೋಯಿತು. ಯಾವಗಲ್ ಅವರು ಎದ್ದು ಯಂತ್ರಕ್ಕೆ ಬೆನ್ನು ಮಾಡಿ ನಿಂತು ಕನ್ನಡಕ ತೆಗೆದರು. ಅವರೇನೂ ಮಾಡುವಂತಿರಲಿಲ್ಲ. ಹಾಡು ಮುಗಿಯುವ ತನಕ ಯಾರೂ ತಡೆಯಲಿಲ್ಲ, ಬಹಳ ದಿನದಿಂದ ಒಳಗೇ ಉಳಿದದ್ದೆಲ್ಲ ಅಂದು ಹೊರಗೆ ಬಂತು. ಕಲ್ಲವ್ವನ ಗಂಡನ ಹೆಸರನ್ನೂ ಅವಳು ಅದರಲ್ಲಿ ಸೇರಿಸಿದಳು.

ಹೊರಗೆ ಬಂದಾಗ ಅವಳಿಗೆ ಏನಾಯಿತೆಂದು ಪೂರ್ತಿ ತಿಳಿದಿರಲಿಲ್ಲ. ಮಗಳ ಮುಖ ನೋಡಿದ ಮೇಲೆ ತಿಳಿಯಿತು.

"ನಾ ಹೇಳೂದ ಮರತ ಹೋತೇನಬೇ?" ಎಂದಳು. ಚೀಲದಿಂದ ಕುಲಾಯಿ ತೆಗೆದು ದಾಕ್ಷಿಯ ಕೈಗೆ ಕೊಟ್ಟಳು. "ಇದನ್ನರ ಸಿಸ್ಟರ್‌ಗೆ ಕೊಟ್ಟ ಬಾ. ಥಂಡಿ ಬಾಳ ಐತಿ."

ದಾಕ್ಷಿ ಮರುದಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ತಾನೇ ಮಡಿಲು ಸೇವೆಗೆ ಹೋಗುವೆನೆಂದು ಅರ್ಜಿ ಹಾಕಿದಳು. ಕೆಂಪು ಬಂತು. ಕಲ್ಲವ್ವನ ಹಿತ್ತಲಿನ ಗೋಡೆಗೆ ಹಣೆಯಿಟ್ಟು ನಿಂತಾಗ, ಎಲ್ಲಾರ ಬಾಯಿ ನಾನ ಕಟ್ಟಿ ಕೊಂದ್ನಿ ಎಂದು ಗೊಣಗಿದ್ದಳಂತೆ. ಅವಳಿಗೆ ಅದರ ನೆನಪೇ ಇರಲಿಲ್ಲ, ಒಳಗಿನ ಪೆಟ್ಟಿಗೆಗೆ ಇತ್ತು. ಅಲ್ಲಗಳೆಯಲು ಅವಳು ಹೋಗಲಿಲ್ಲ. ಮುಳ್ಳು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು.

ಮೂಲೆಯ ಕೂಸು ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ ಹೋಯಿತು. ಸಿಸ್ಟರ್ ಫಿಲೋಮಿನಾ ಆಸ್ಪತ್ರೆಯ ಗೇಟಿನ ತನಕ ಬಂದು ಹೇಳಿದರು. ಬೇನೆ ಏನೂ ಇರಲಿಲ್ಲ, ಸುಮ್ಮನೆ ಉಸಿರಾಡುವುದನ್ನು ಬಿಟ್ಟಿತು ಎಂದರು. "ಕುಲಾಯಿ ಹಾಕೇ ಕಳಸಿದ್ವಿ," ಎಂದರು. ಇನ್ನೇನೋ ಹೇಳಹೊರಟು, ಗೇಟಿನ ಕಂಬದ ಮೇಲಿನ ಹಸಿರು ದೀಪವನ್ನು ನೋಡಿ, ಕೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು.

ದಾಕ್ಷಿ ಮನೆಗೆ ಬಂದಾಗ ಬಸಲಿಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಹೇಳದೆ ಇರಲಾಗಲಿಲ್ಲ, ಹೇಳಿದಳು. ಬಸಲಿಂಗವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಎದೆ ಮೇಲೇರಿತು, ಬಾಯಿ ತೆರೆಯಿತು. ಕಣ್ಣು ಗೋಡೆಯ ಕಡೆ ಹೋಯಿತು. ಹಿಟ್ಟು ಮೆತ್ತಿದ ಕೈಯಿಂದಲೇ ಸೆರಗು ಎಳೆದು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು.

"ಅಳವ್ವಾ," ಎಂದಳು ದಾಕ್ಷಿ. ಅವಳ ಭುಜ ಹಿಡಿದು ಅಲುಗಿಸಿದಳು. "ಇನ್ನ ಏನ ಉಳದೈತಿ ಹೋಗಾಕ? ಯಾರಿಗೆ ಅಂಜತಿ? ಅದಕ್ಕ ತಾಯಿ ಇಲ್ಲ, ತಂದಿ ಇಲ್ಲ, ನೀ ಅಳಲಿಲ್ಲಂದ್ರ ಯಾರ ಅಳಬೇಕು? ಹಾಡ್ಯಾಡಿ ಅಳವ್ವಾ!"

ಬಸಲಿಂಗವ್ವ ತಲೆ ಅಲ್ಲಾಡಿಸಿದಳು. ಸೆರಗನ್ನು ಒಂದು ಗಳಿಗೆ ಬಾಯಿಂದ ತೆಗೆದಳು.

"ಬ್ಯಾಡ," ಎಂದಳು. "ಕೊಂದದ್ದ ಒಂದ ಸಾಕು."

ಮತ್ತೆ ತುರುಕಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಕರಿಕಾಯಿತು. ಮುದುಕಿಯ ಗಂಟಲಿಂದ ಹೊರಗೆ ಬರಲಾಗದ ಸದ್ದು ಒಳಗೇ ಉಕ್ಕಿ ಉಕ್ಕಿ ಬರುತ್ತಿತ್ತು, ಭುಜ ಜಿಗಿಯುತ್ತಿತ್ತು. ಗೋಡೆಪೆಟ್ಟಿಗೆ ಅದನ್ನು ಕೇಳಿಸಿಕೊಂಡಿತು. ದೀಪ ಹಸಿರಿನಿಂದ ಹಳದಿಗೆ ತಿರುಗಿತು.

"ಮನೆಯಲ್ಲಿ ಯಾರಿಗಾದರೂ ಉಸಿರು ಕಟ್ಟುತ್ತಿದೆಯೇ? ಆಂಬುಲೆನ್ಸ್ ಕರೆಯಲೇ?" ಎಂದು ವಿನಯದಿಂದ ಕೇಳಿತು.

ದಾಕ್ಷಿ ಅವ್ವನನ್ನು ಎದೆಗೊರಗಿಸಿಕೊಂಡು, ಬೆನ್ನು ತಟ್ಟುತ್ತ, ಗೋಡೆಯ ಕಡೆ ನೋಡಿದಳು.

"ಬ್ಯಾಡ," ಎಂದಳು. "ಎಲ್ಲಾರೂ ಆರಾಮ ಅದೀವಿ."

"ಸಂತೋಷ," ಎಂದಿತು ಪೆಟ್ಟಿಗೆ. ದೀಪ ಮತ್ತೆ ಹಸಿರಾಯಿತು.